ಬೆಂಗಳೂರಿನ ದಕ್ಷಿಣ ಭಾಗದ ಸುಲಭ ಚಾರಣ ದಾರಿಗಳು: ಅನುಮತಿ ಮತ್ತು ಸಂಖ್ಯಾಮಿತಿಯ ಕುರಿತು ಒಂದು ಅವಲೋಕನ

2024ನೇ ಸಾಲಿನ ಗಣರಾಜ್ಯೋತ್ಸವವು ಶುಕ್ರವಾರದಂದು ಬಂದಿತ್ತು. ಶನಿವಾರ ಮತ್ತು ಭಾನುವಾರ ಸೇರಿ ಮೂರು ದಿನಗಳ ಬಿಡುವು ದೊರೆತ ಕಾರಣ, ಪುಷ್ಪಗಿರಿ ವನ್ಯಜೀವಿಧಾಮದ ಕುಮಾರ ಪರ್ವತಕ್ಕೆ ಒಮ್ಮೆಲೇ ಸಾವಿರಾರು ಚಾರಣಿಗರು ಬಂದು ಸೇರಿದರು. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಏರುವ ಕಿರಿದಾದ ಕಾಲುದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು ಸಾಲುಗಟ್ಟಿ ನಿಂತಿದ್ದ ದೃಶ್ಯಗಳು ಎಲ್ಲೆಡೆ ಹರಡಿದವು. ಇದನ್ನು ಗಂಭೀರವಾಗಿ ಪರಿಗಣಿಸಿದ ಅರಣ್ಯ, ಜೀವಿಶಾಸ್ತ್ರ ಮತ್ತು ಪರಿಸರ ಸಚಿವ ಈಶ್ವರ ಖಂಡ್ರೆಯವರು, ಆನ್‌ಲೈನ್ ಮುಂಗಡ ಕಾಯ್ದಿರಿಸುವ ವ್ಯವಸ್ಥೆ ಇಲ್ಲದ ಚಾರಣ ದಾರಿಗಳಲ್ಲಿ ಪ್ರವೇಶವನ್ನು ತಾತ್ಕಾಲಿಕವಾಗಿ ನಿರ್ಬಂಧಿಸುವಂತೆ ಸೂಚಿಸಿದರು. ಅದೇ ವರ್ಷದ ಅಕ್ಟೋಬರ್ ತಿಂಗಳಿನಲ್ಲಿ 'ಅರಣ್ಯ ವಿಹಾರ' ಜಾಲತಾಣವು ಸಾರ್ವಜನಿಕರ ಬಳಕೆಗೆ ಬಂದಿತು. ಒಂದು ದಾರಿಯಲ್ಲಿ ಒಂದು ದಿನಕ್ಕೆ ಗರಿಷ್ಠ 300 ಮಂದಿ ಎಂಬ ಮಿತಿಯು ಇದರೊಂದಿಗೆ ಜಾರಿಗೆ ಬಂದಿತು.

ಈ ಬೆಳವಣಿಗೆಗಳ ತರುವಾಯ ಜಯನಗರ, ಜೆ.ಪಿ. ನಗರ, ಬನಶಂಕರಿ ಹಾಗೂ ಬಿ.ಟಿ.ಎಂ. ಬಡಾವಣೆಗಳ ನಿವಾಸಿಗಳಲ್ಲಿ ಸಹಜವಾಗಿಯೇ ಒಂದು ಪ್ರಶ್ನೆ ಮೂಡಿದೆ. ಪಶ್ಚಿಮ ಘಟ್ಟದ ಶಿಖರಗಳು ಎಲ್ಲರಿಗೂ ಅಲ್ಲ. ವಯಸ್ಸಾದ ತಂದೆತಾಯಿ, ಹತ್ತು ವರ್ಷದ ಮಗು, ವಾರಕ್ಕೊಂದೇ ರಜೆ ಇರುವ ಕುಟುಂಬವು ಒಂದು ಬೆಳಗ್ಗೆ ಹೊರಟು ಮಧ್ಯಾಹ್ನದ ಊಟಕ್ಕೆ ಮನೆಗೆ ಮರಳುವಂತಹ ಗುಡ್ಡದ ಕಾಡಿನ ದಾರಿಗಳು ಎಲ್ಲಿವೆ? ಅಲ್ಲಿಗೆ ಅರ್ಜಿ ಹಾಕಬೇಕೇ, ಶುಲ್ಕ ಪಾವತಿಸಬೇಕೇ, ಅಥವಾ ನೇರವಾಗಿ ಹೋಗಬಹುದೇ? ಈ ಪ್ರಶ್ನೆಗೆ ಒಂದೇ ಸಾಲಿನ ಉತ್ತರವಿಲ್ಲ. ದಾರಿಯು ಯಾವ ಕಾನೂನಿನಡಿ ಬರುವ ಭೂಮಿಯಲ್ಲಿ ಸಾಗುತ್ತದೆ ಎಂಬುದರ ಮೇಲೆ ಉತ್ತರವು ಬದಲಾಗುತ್ತದೆ.

ಚಾರಣದ ಚೀಟಿ ಮತ್ತು ಇತರ ಸೇವೆಗಳಿಗೆ ಇರುವ ವ್ಯತ್ಯಾಸ

ಸರ್ಕಾರಿ ಸೇವೆಗಳಿಗೆ ಅರ್ಜಿ ಸಲ್ಲಿಸಿ ಅಭ್ಯಾಸವಿರುವ ನಾಗರಿಕರಿಗೆ 2011ರ ಸಕಾಲ ಕಾಯ್ದೆ ಪರಿಚಿತ. ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದವರು ಅರ್ಹರಾಗಿದ್ದಲ್ಲಿ, ನಿಗದಿತ ಅವಧಿಯೊಳಗೆ ಪ್ರಮಾಣಪತ್ರ ದೊರೆಯಲೇಬೇಕು. ಅರ್ಹರ ಸಂಖ್ಯೆ ಒಂದು ಸಾವಿರವಿದ್ದರೆ ಸಾವಿರ ಪ್ರಮಾಣಪತ್ರಗಳು, ಒಂದು ಲಕ್ಷವಿದ್ದರೆ ಲಕ್ಷ. ಅಲ್ಲಿರುವುದು ಕಾಲಮಿತಿ. ಚಾರಣದ ಚೀಟಿಗೆ ಇರುವುದು ಸಂಖ್ಯಾಮಿತಿ. 301ನೇ ಅರ್ಜಿದಾರರು ಎಲ್ಲ ರೀತಿಯಿಂದಲೂ ಅರ್ಹರಾಗಿದ್ದರೂ ಆ ದಿನಕ್ಕೆ ಅವರಿಗೆ ಚೀಟಿ ಇರುವುದಿಲ್ಲ. ಇದು ನಿರಾಕರಣೆಯಲ್ಲ, ತಿರಸ್ಕಾರದ ಹಿಂಬರಹವೂ ಅಲ್ಲ. ಆ ದಿನದ ಪಾಲು ಮುಗಿದಿದೆ ಎಂದಷ್ಟೇ ಅದರ ಅರ್ಥ.

ಈ ಪಾಲು ಎಷ್ಟು ಸಣ್ಣದು ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ವರ್ಷಕ್ಕೆ 52 ವಾರಗಳು, ವಾರಾಂತ್ಯದ ದಿನಗಳು 104. ದಿನಕ್ಕೆ 300ರಂತೆ ಒಂದು ದಾರಿಗೆ ವರ್ಷದ ವಾರಾಂತ್ಯಗಳಲ್ಲಿ ಹೆಚ್ಚೆಂದರೆ 31,200 ಮಂದಿ ಹೋಗಬಹುದು. 2011ರ ಜನಗಣತಿಯಂತೆ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ವ್ಯಾಪ್ತಿಯ ಜನಸಂಖ್ಯೆಯೇ 84 ಲಕ್ಷಕ್ಕೂ ಹೆಚ್ಚು. ಅಂದರೆ ಒಂದು ದಾರಿಯ ಇಡೀ ವರ್ಷದ ವಾರಾಂತ್ಯದ ಚೀಟಿಗಳನ್ನು ಬೆಂಗಳೂರಿಗರಿಗೇ ಕೊಟ್ಟರೂ, ಸುಮಾರು 270 ಜನರಲ್ಲಿ ಒಬ್ಬರಿಗೆ ಮಾತ್ರ ಒಂದು ಸಲ ಅವಕಾಶ. ಅದರಲ್ಲಿಯೂ ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭೀತಿಯಿಂದ, ಮಳೆಗಾಲದಲ್ಲಿ ಭೂಕುಸಿತ ಮತ್ತು ಹಳ್ಳಗಳ ಪ್ರವಾಹದಿಂದ ದಾರಿಗಳನ್ನು ಮುಚ್ಚುವ ದಿನಗಳನ್ನು ಕಳೆಯಬೇಕಾಗುತ್ತದೆ. ಚೀಟಿ ಸಿಗಲಿಲ್ಲವೆಂದು ದೂರುವ ಮುನ್ನ ಈ ಲೆಕ್ಕವನ್ನು ಗಮನಿಸುವುದು ಸೂಕ್ತ.

ಆದರೆ ದೂರದ ಬೆಟ್ಟಕ್ಕೆ ಚೀಟಿ ಸಿಗದ ಕುಟುಂಬವು ಮನೆಯಲ್ಲೇ ಕುಳಿತುಕೊಳ್ಳುವುದಿಲ್ಲ. ಅದು ಹತ್ತಿರದ, ಸುಲಭವಾದ, ಯಾರೂ ಎಣಿಸದ ಕಾಡಿಗೆ ಹೋಗುತ್ತದೆ. ಸಂಖ್ಯಾಮಿತಿಯು ಕುಮಾರ ಪರ್ವತವನ್ನೂ ಕುದುರೆಮುಖವನ್ನೂ ರಕ್ಷಿಸಿದಂತೆ ತುರಹಳ್ಳಿಯನ್ನು ರಕ್ಷಿಸುವುದಿಲ್ಲ. ಬೆಂಗಳೂರಿನ ದಕ್ಷಿಣ ಭಾಗದ ಮಟ್ಟಿಗೆ ಇಂದು ಚರ್ಚೆಯಾಗಬೇಕಾದ ವಿಷಯ ಇದೇ ಆಗಿದೆ.

ಹೆಸರಿನ ಗೊಂದಲ

ಮುಂದುವರಿಯುವ ಮೊದಲು ಅರ್ಜಿದಾರರಿಗೆ ಪದೇ ಪದೇ ತೊಡಕಾಗುತ್ತಿರುವ ಒಂದು ಸಂಗತಿಯನ್ನು ಸ್ಪಷ್ಟಪಡಿಸುವುದು ಅವಶ್ಯ. 2025ರ ಮೇ ತಿಂಗಳಿನಲ್ಲಿ ರಾಮನಗರ ಜಿಲ್ಲೆಗೆ 'ಬೆಂಗಳೂರು ದಕ್ಷಿಣ ಜಿಲ್ಲೆ' ಎಂದು ಮರುನಾಮಕರಣ ಮಾಡಲಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರ ಪಾಲಿಕೆಗಳು ರಚನೆಯಾದಾಗ ಅವುಗಳಲ್ಲಿ ಒಂದಕ್ಕೆ ಬೆಂಗಳೂರು ದಕ್ಷಿಣ ಎಂದೇ ಹೆಸರಾಯಿತು. ಬೆಂಗಳೂರು ನಗರ ಜಿಲ್ಲೆಯಲ್ಲಿ ಬೆಂಗಳೂರು ದಕ್ಷಿಣ ತಾಲ್ಲೂಕು ಮೊದಲಿನಿಂದಲೂ ಇದೆ. ಲೋಕಸಭಾ ಕ್ಷೇತ್ರವೂ ಇದೆ. ಹೀಗಾಗಿ 'ಬೆಂಗಳೂರು ದಕ್ಷಿಣ' ಎಂಬ ಒಂದೇ ಹೆಸರಿನಡಿ ಬನಶಂಕರಿಯ ಪಕ್ಕದ ತುರಹಳ್ಳಿಯೂ ಬರಬಹುದು, ಮಾಗಡಿ ತಾಲ್ಲೂಕಿನ ಸಾವನದುರ್ಗವೂ ಬರಬಹುದು. ತುರಹಳ್ಳಿಯು ತಾಲ್ಲೂಕಿನ ಲೆಕ್ಕದಲ್ಲಿ ಬೆಂಗಳೂರು ದಕ್ಷಿಣ. ಸಾವನದುರ್ಗ ಮತ್ತು ರಾಮದೇವರ ಬೆಟ್ಟಗಳು ಜಿಲ್ಲೆಯ ಲೆಕ್ಕದಲ್ಲಿ ಬೆಂಗಳೂರು ದಕ್ಷಿಣ. ಪತ್ರ ವ್ಯವಹಾರ ಮಾಡುವವರು ತಾಲ್ಲೂಕು ಮತ್ತು ಜಿಲ್ಲೆ ಎರಡನ್ನೂ ನಮೂದಿಸಿದಲ್ಲಿ, ಅರ್ಜಿಯು ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಅಲೆಯುವುದು ತಪ್ಪುತ್ತದೆ.

ತುರಹಳ್ಳಿ ಕಿರು ಅರಣ್ಯ

ಕನಕಪುರ ರಸ್ತೆಯ ಪಶ್ಚಿಮಕ್ಕೆ, ಬನಶಂಕರಿ 6ನೇ ಹಂತದ ಬಡಾವಣೆಗೆ ತಾಗಿಕೊಂಡಂತೆ 500 ಎಕರೆಗೂ ಮೀರಿದ ವಿಸ್ತೀರ್ಣದಲ್ಲಿ ತುರಹಳ್ಳಿ ಕಿರು ಅರಣ್ಯವಿದೆ. ನಗರದ ಮನೆಗಳ ನಡುವೆ ಉಳಿದಿರುವ ಗುಡ್ಡಗಾಡಿನ ಅರಣ್ಯ ಇದೊಂದೇ ಎನ್ನುವಷ್ಟರ ಮಟ್ಟಿಗೆ ದಕ್ಷಿಣ ಭಾಗದವರಿಗೆ ಇದು ಪರಿಚಿತ. ಇಲ್ಲಿನ ಬಂಡೆಗಳು ಲಾಲ್‌ಬಾಗ್‌ನ ಕೆಂಪೇಗೌಡ ಗೋಪುರದ ಕೆಳಗಿರುವ ಬಂಡೆಯ ಜಾತಿಗೆ ಸೇರಿದ ಪ್ರಾಚೀನ ನೈಸ್ ಶಿಲೆಗಳು. ಲಾಲ್‌ಬಾಗ್ ಬಂಡೆಯ ವಯಸ್ಸನ್ನು ಸುಮಾರು 300 ಕೋಟಿ ವರ್ಷಗಳೆಂದು ಹೇಳಲಾಗಿದ್ದು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ತುರಹಳ್ಳಿಯ ಗುಡ್ಡದ ಮೇಲೆ ಒಂದು ಶಿವನ ಗುಡಿ ಇದೆ. ಏರು ಕಡಿಮೆ, ದಾರಿ ಸಣ್ಣದು. ಅರ್ಧ ಗಂಟೆಯಿಂದ ಒಂದು ಗಂಟೆಯ ನಡಿಗೆ. ಕೆಲವೆಡೆ ನೀಲಗಿರಿ ನೆಡುತೋಪು, ಕೆಲವೆಡೆ ಕುರುಚಲು ಕಾಡು, ಬಂಡೆಗಳ ಸಂದುಗಳಲ್ಲಿ ಹುಲ್ಲು. ನವಿಲು, ಮೊಲ ಮತ್ತು ಅನೇಕ ಜಾತಿಯ ಹಕ್ಕಿಗಳಿಗೆ ಇದು ನೆಲೆಯಾಗಿದೆ. ಬಂಡೆ ಏರುವ ಹವ್ಯಾಸಿಗಳು ಹಲವು ವರ್ಷಗಳಿಂದ ಇಲ್ಲಿಗೆ ಬರುತ್ತಿದ್ದಾರೆ.

2021ರ ಜನವರಿಯಲ್ಲಿ ನಮ್ಮ ಮೆಟ್ರೊ ಹಸಿರು ಮಾರ್ಗವು ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ವಿಸ್ತರಣೆಯಾಯಿತು. ವಾಜರಹಳ್ಳಿ ಮತ್ತು ತಲಘಟ್ಟಪುರ ನಿಲ್ದಾಣಗಳು ಅರಣ್ಯದ ಸಮೀಪದಲ್ಲಿಯೇ ಇವೆ. ಜಯನಗರ ನಿಲ್ದಾಣದಲ್ಲಿ ಹತ್ತಿದವರು ರೈಲು ಬದಲಿಸದೆ ಇಲ್ಲಿಗೆ ತಲುಪಬಹುದು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗವು ಆರಂಭಗೊಂಡ ನಂತರ ಬಿ.ಟಿ.ಎಂ. ಬಡಾವಣೆಯವರಿಗೂ ರಾಷ್ಟ್ರೀಯ ವಿದ್ಯಾಲಯ ರಸ್ತೆ ನಿಲ್ದಾಣದಲ್ಲಿ ಒಮ್ಮೆ ಮಾರ್ಗ ಬದಲಿಸಿದರೆ ಸಾಕಾಗಿದೆ. ಅರಣ್ಯವು ಇದ್ದಲ್ಲಿಯೇ ಇದೆ. ನಗರವು ಅದರ ಬಾಗಿಲಿಗೆ ಬಂದು ನಿಂತಿದೆ.

ಮೆಟ್ರೊ ವಿಸ್ತರಣೆಯಾದ ಮರು ತಿಂಗಳೇ, ಅಂದರೆ 2021ರ ಫೆಬ್ರವರಿಯಲ್ಲಿ, ಈ ಅರಣ್ಯದ ಬಹುಭಾಗವನ್ನು ವೃಕ್ಷೋದ್ಯಾನವಾಗಿ ಪರಿವರ್ತಿಸುವ ಪ್ರಸ್ತಾವನೆಯ ವಿರುದ್ಧ ನೂರಾರು ನಿವಾಸಿಗಳು ಪ್ರತಿಭಟನೆ ನಡೆಸಿದರು. ಅರಣ್ಯದ ಒಂದು ಬದಿಯಲ್ಲಿ ವೃಕ್ಷೋದ್ಯಾನವು ಅದಾಗಲೇ ಇತ್ತು. ಉಳಿದ ಭಾಗಕ್ಕೂ ಅದು ವಿಸ್ತರಿಸಿದಲ್ಲಿ ಕಾಂಕ್ರೀಟಿನ ನಡಿಗೆ ಪಥ, ಮಂಟಪ, ಆಟದ ಸಾಮಗ್ರಿ, ದೀಪಗಳು ಬಂದು ಅರಣ್ಯವು ಅರಣ್ಯವಾಗಿ ಉಳಿಯುವುದಿಲ್ಲ ಎಂಬುದು ಅವರ ಆತಂಕವಾಗಿತ್ತು. ಅಂದಿನ ಅರಣ್ಯ ಸಚಿವ ಅರವಿಂದ ಲಿಂಬಾವಳಿಯವರು ಜನರ ಅಭಿಪ್ರಾಯಕ್ಕೆ ವಿರುದ್ಧವಾಗಿ ಯೋಜನೆಯನ್ನು ಮುಂದುವರಿಸುವುದಿಲ್ಲ ಎಂಬ ಭರವಸೆ ನೀಡಿದರು.

ಈ ಪ್ರಕರಣವನ್ನು ಕೇವಲ ಸರ್ಕಾರ ಮತ್ತು ನಿವಾಸಿಗಳ ನಡುವಣ ಜಗ್ಗಾಟವೆಂದು ಕಾಣುವುದು ಸರಿಯಾಗಲಾರದು. ವೃಕ್ಷೋದ್ಯಾನಗಳ ಯೋಜನೆಯ ಉದ್ದೇಶ ಕೆಟ್ಟದ್ದಲ್ಲ. ಸಾಲುಮರದ ತಿಮ್ಮಕ್ಕನವರ ಹೆಸರಿನಲ್ಲಿ ರಾಜ್ಯದ ಅನೇಕ ತಾಲ್ಲೂಕುಗಳಲ್ಲಿ ರೂಪುಗೊಂಡ ಇಂತಹ ಉದ್ಯಾನಗಳು ಮಕ್ಕಳಿಗೂ ವೃದ್ಧರಿಗೂ ಗಾಲಿಕುರ್ಚಿ ಬಳಸುವವರಿಗೂ ಮರಗಳ ನಡುವೆ ಓಡಾಡುವ ಅವಕಾಶವನ್ನು ಕಲ್ಪಿಸಿವೆ. ಹೊರಗೆ ನಿಂತು ನೋಡಿದಾಗ, ದಾರಿಯನ್ನು ಸುಲಭಗೊಳಿಸುವುದರಲ್ಲಿ ಏನು ತಪ್ಪು ಎಂದು ಕೇಳಬಹುದು. ಪ್ರತಿಭಟಿಸಿದವರಲ್ಲಿ ಬಹುಪಾಲು ಜನ ಗಟ್ಟಿಮುಟ್ಟಾದ ಕಾಲುಳ್ಳವರು ಎಂಬ ಟೀಕೆಯಲ್ಲಿಯೂ ಸ್ವಲ್ಪ ಹುರುಳಿದೆ. ಆದರೆ ತುರಹಳ್ಳಿಯ ನೆಲದ ಸ್ವಭಾವವೇ ಬೇರೆ. ಅಲ್ಲಿ ಬಂಡೆಯ ಮೇಲಿರುವ ಮಣ್ಣಿನ ಪದರ ತೆಳುವಾದದ್ದು. ಹುಲ್ಲು ಮತ್ತು ಕುರುಚಲು ಗಿಡಗಳ ಬೇರುಗಳೇ ಅದನ್ನು ಹಿಡಿದಿಟ್ಟಿವೆ. ಉದ್ಯಾನಕ್ಕಾಗಿ ಕುರುಚಲನ್ನು ಸವರಿದರೆ ನವಿಲಿಗೂ ಮೊಲಕ್ಕೂ ಮರೆ ಇಲ್ಲ, ಮಣ್ಣಿಗೂ ಹಿಡಿತವಿಲ್ಲ. ಮರಗಳು ಹಾಗೆಯೇ ನಿಂತಿದ್ದರೂ ಅರಣ್ಯವು ಹೋಗಿರುತ್ತದೆ.

ಇದೇ ಮಾತು ಕಾಂಕ್ರೀಟ್ ಹಾಕದೆಯೇ ಬರುವ ಹಾನಿಗೂ ಅನ್ವಯಿಸುತ್ತದೆ. ಅದನ್ನು ಪ್ರತಿಭಟನೆಯ ಫಲಕಗಳಲ್ಲಿ ಬರೆಯುವವರು ಕಡಿಮೆ. ಮಳೆ ಬಿದ್ದ ಮರುದಿನ ದಾರಿಯಲ್ಲಿ ಕೆಸರಿರುತ್ತದೆ. ನಡೆಯುವವರು ಬೂಟು ಒದ್ದೆಯಾಗದಂತೆ ಪಕ್ಕದ ಹುಲ್ಲಿನ ಮೇಲೆ ಹೆಜ್ಜೆ ಇಡುತ್ತಾರೆ. ಕೆಲವು ವಾರಗಳಲ್ಲಿ ಆ ಹುಲ್ಲು ಸತ್ತು ದಾರಿಯು ಅಗಲವಾಗುತ್ತದೆ. ತಿರುವುಗಳಲ್ಲಿ ಅಡ್ಡದಾರಿ ಹಿಡಿದವರ ಹೆಜ್ಜೆಗಳು ಇಳಿಜಾರಿಗೆ ನೇರವಾದ ಗೀರನ್ನು ಎಳೆಯುತ್ತವೆ, ಮುಂದಿನ ಮಳೆಯ ನೀರು ಆ ಗೀರನ್ನೇ ಕಾಲುವೆ ಮಾಡಿಕೊಳ್ಳುತ್ತದೆ. ಇದರಲ್ಲಿ ಯಾರದೂ ದುರುದ್ದೇಶವಿಲ್ಲ. ಹತ್ತು ಜನ ಮಾಡಿದರೆ ಗುರುತೂ ಉಳಿಯದು. ಪ್ರತಿ ಭಾನುವಾರ ನೂರಾರು ಜನ ಮಾಡಿದರೆ ಗುಡ್ಡದ ಮೈ ಬತ್ತಲಾಗುತ್ತದೆ. ಸುಲಭ ದಾರಿಗಳು ಕಷ್ಟದ ದಾರಿಗಳಿಗಿಂತ ಬೇಗ ಸವೆಯುವುದಕ್ಕೆ ಕಾರಣವಿಷ್ಟೇ: ಅವುಗಳ ಮೇಲೆ ನಡೆಯಬಲ್ಲವರು ಹೆಚ್ಚು.

ತಿಂಡಿಯ ಪೊಟ್ಟಣಗಳ ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ಎಸೆದ ಆಹಾರವು ಬೀದಿ ನಾಯಿಗಳನ್ನು ಕಾಡಿನೊಳಕ್ಕೆ ಕರೆತರುತ್ತದೆ. ನಾಯಿಗಳು ಮೊಲ ಮತ್ತು ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳನ್ನು ಹಿಡಿಯುತ್ತವೆ. ಆ ನಾಯಿಗಳೇ ಚಿರತೆಗೆ ಆಹಾರ. 2022ರ ಡಿಸೆಂಬರ್‌ನಲ್ಲಿ ತುರಹಳ್ಳಿ ಮತ್ತು ಕೆಂಗೇರಿ ಸುತ್ತಮುತ್ತ ಚಿರತೆ ಕಾಣಿಸಿಕೊಂಡು, ನಿವಾಸಿಗಳಿಗೆ ಎಚ್ಚರಿಕೆ ನೀಡಲಾಗಿತ್ತು. 2023ರ ಅಕ್ಟೋಬರ್ ಕೊನೆಯಲ್ಲಿ ಸಿಂಗಸಂದ್ರ ಮತ್ತು ಕೂಡ್ಲು ಪ್ರದೇಶದಲ್ಲಿ ಕಂಡ ಚಿರತೆಯು ನವೆಂಬರ್ 1ರಂದು ಸೆರೆ ಕಾರ್ಯಾಚರಣೆಯ ನಂತರ ಮೃತಪಟ್ಟಿತು. ಅಪಾರ್ಟ್‌ಮೆಂಟ್ ಕಟ್ಟಡದ ಮೊಗಸಾಲೆಯವರೆಗೆ ಬಂದ ಆ ಪ್ರಾಣಿಯ ಚಿತ್ರವನ್ನು ಕಂಡು ಗಾಬರಿಗೊಂಡವರೇ ಹೆಚ್ಚು. ಬನ್ನೇರುಘಟ್ಟದ ಕಾಡು ಅಲ್ಲಿಂದ ಬಹಳ ದೂರವಿಲ್ಲ ಎಂಬುದನ್ನು ನೆನೆದವರು ಕಡಿಮೆ. ಆದ್ದರಿಂದ ತುರಹಳ್ಳಿಗೆ ಹೋಗುವವರು ನಸುಕಿನಲ್ಲಿ ಅಥವಾ ಸಂಜೆ ಕತ್ತಲಾದ ಮೇಲೆ ಒಬ್ಬರೇ ಹೋಗಬಾರದು. ಮಕ್ಕಳನ್ನು ಮುಂದೆ ಓಡಲು ಬಿಡಬಾರದು. ಸಾಕು ನಾಯಿಗಳನ್ನು ಮನೆಯಲ್ಲಿಯೇ ಬಿಟ್ಟು ಬರುವುದು ಒಳಿತು.

ಪ್ರವೇಶದ ಸಮಯ ಹಾಗೂ ಆಯಾ ಕಾಲದ ನಿರ್ಬಂಧಗಳನ್ನು ದ್ವಾರದಲ್ಲಿನ ಫಲಕದಲ್ಲಿ ನೋಡಿಕೊಳ್ಳಬೇಕು. ಬೇಲಿ ಹರಿದ ಜಾಗದಿಂದ ಒಳಗೆ ಹೋಗುವುದು ಹತ್ತಿರದ ದಾರಿಯಾದರೂ ಕಾನೂನಿನ ದೃಷ್ಟಿಯಲ್ಲಿ ಅದು ಅತಿಕ್ರಮ ಪ್ರವೇಶ.

ದೊರೆಸಾನಿಪಾಳ್ಯ ಮತ್ತು ಬನ್ನೇರುಘಟ್ಟ

ಏರು ಬೇಡ, ಮರಗಳ ನೆರಳು ಸಾಕು ಎನ್ನುವ ಜೆ.ಪಿ. ನಗರ ಹಾಗೂ ಬಿ.ಟಿ.ಎಂ. ಬಡಾವಣೆಯವರಿಗೆ ಬನ್ನೇರುಘಟ್ಟ ರಸ್ತೆಯ ಬದಿಯಲ್ಲಿರುವ ದೊರೆಸಾನಿಪಾಳ್ಯ ಅರಣ್ಯ ಸಂಶೋಧನಾ ಕೇಂದ್ರದ ಆವರಣವು ಅನುಕೂಲಕರ. ಇದು ಸಂಶೋಧನೆಗಾಗಿ ಬೆಳೆಸಿದ ಕಾಡು. ಬೆಟ್ಟವಲ್ಲ. ಮೊಣಕಾಲು ನೋವಿನವರಿಗೆ ತುರಹಳ್ಳಿಗಿಂತ ಇದು ಮೇಲು.

ಬನ್ನೇರುಘಟ್ಟದ ವಿಷಯದಲ್ಲಿ ಮಾತ್ರ ಸಾರ್ವಜನಿಕರಲ್ಲಿ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಮೃಗಾಲಯ, ಚಿಟ್ಟೆ ಉದ್ಯಾನ ಮತ್ತು ಸಫಾರಿ ಇರುವುದು ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿ. ಅದರ ಟಿಕೆಟ್ ಇರುವವರಿಗೆ 260.51 ಚದರ ಕಿ.ಮೀ. ವಿಸ್ತಾರದ ರಾಷ್ಟ್ರೀಯ ಉದ್ಯಾನದಲ್ಲಿ ನಡೆದಾಡುವ ಹಕ್ಕು ದೊರೆಯುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27 ಮತ್ತು 28ನೇ ಪ್ರಕರಣಗಳಂತೆ ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಪ್ರವೇಶಿಸುವಂತಿಲ್ಲ. 35ನೇ ಪ್ರಕರಣದ ಮೂಲಕ ಅದೇ ನಿಯಮಗಳು ರಾಷ್ಟ್ರೀಯ ಉದ್ಯಾನಕ್ಕೂ ಅನ್ವಯಿಸುತ್ತವೆ. ಅಧ್ಯಯನ, ಛಾಯಾಗ್ರಹಣ, ಸಂಶೋಧನೆ, ಪ್ರವಾಸ ಇತ್ಯಾದಿ ಉದ್ದೇಶಗಳಿಗೆ ಅನುಮತಿ ನೀಡಲು ಕಾಯ್ದೆಯಲ್ಲಿ ಅವಕಾಶವಿದೆ, ಆದರೆ ಅದು ಕೇಳಿ ಪಡೆಯಬೇಕಾದ ಅನುಮತಿ.

ಇಲ್ಲಿನ ಎಚ್ಚರಿಕೆಗೆ ಕಾರಣ ಆನೆಗಳು. ಬನ್ನೇರುಘಟ್ಟವು ಕಾವೇರಿ ವನ್ಯಜೀವಿಧಾಮ ಮತ್ತು ತಮಿಳುನಾಡಿನ ಕಾಡುಗಳ ದಿಕ್ಕಿಗೆ ಆನೆಗಳು ಸಾಗುವ ಹಾದಿಯಲ್ಲಿದೆ. 2020ರ ಮಾರ್ಚ್‌ನಲ್ಲಿ ಇದರ ಸುತ್ತ 168.84 ಚದರ ಕಿ.ಮೀ. ಪ್ರದೇಶವನ್ನು ಪರಿಸರ ಸೂಕ್ಷ್ಮ ವಲಯವೆಂದು ಅಧಿಸೂಚಿಸಲಾಯಿತು. 2016ರ ಕರಡಿನಲ್ಲಿ ಇದ್ದದ್ದು ಸುಮಾರು 269 ಚದರ ಕಿ.ಮೀ. ಅಂದರೆ ನೂರು ಚದರ ಕಿ.ಮೀ.ಗಳಷ್ಟು ಕಡಿತವಾಗಿದೆ. ಅಂಚು ಕಿರಿದಾದಷ್ಟೂ ಒಳಗಿನ ಕಾಡಿನ ಮೇಲೆ ಭಾರ ಹೆಚ್ಚುತ್ತದೆ ಎಂಬ ಪರಿಸರ ತಜ್ಞರ ಆಕ್ಷೇಪವನ್ನು ಅಲಕ್ಷಿಸುವಂತಿಲ್ಲ. ಪರಿಚಯದ ಹಳ್ಳಿಗರೊಬ್ಬರು ದಾರಿ ತೋರಿಸುತ್ತಾರೆಂಬ ಧೈರ್ಯದ ಮೇಲೆ ಇಲ್ಲಿ ಚಾರಣಕ್ಕೆ ಹೊರಡುವುದು ಕಾನೂನಿಗೂ ಜೀವಕ್ಕೂ ವಿರುದ್ಧವಾದುದು.

ರಾಮದೇವರ ಬೆಟ್ಟ ಮತ್ತು ಸಾವನದುರ್ಗ

ನಗರದಿಂದ ಒಂದು ದಿನದಲ್ಲಿ ಹೋಗಿ ಬರಬಹುದಾದ ಬೆಟ್ಟಗಳಲ್ಲಿ ರಾಮನಗರದ ರಾಮದೇವರ ಬೆಟ್ಟವು ಕುಟುಂಬಗಳಿಗೆ ಅತ್ಯಂತ ಅನುಕೂಲವಾದದ್ದು. ಮೇಲಿನ ರಾಮ ದೇವಾಲಯದವರೆಗೆ ಮೆಟ್ಟಿಲುಗಳಿವೆ. 'ಶೋಲೆ' ಚಲನಚಿತ್ರದ ನೆಪದಲ್ಲಿ ಬರುವವರೇ ಅಧಿಕ. ಆದರೆ 2012ರಲ್ಲಿ ಸುಮಾರು 346 ಹೆಕ್ಟೇರ್ ಪ್ರದೇಶವನ್ನು ರಣಹದ್ದು ಧಾಮವೆಂದು ಘೋಷಿಸಿದ ನಂತರ ಇದರ ಸ್ಥಾನಮಾನ ಬದಲಾಗಿದೆ. ಉದ್ದ ಕೊಕ್ಕಿನ ರಣಹದ್ದುಗಳು ಬಂಡೆಯ ಗೋಡೆಗಳ ಮೇಲೆ ಗೂಡು ಕಟ್ಟುತ್ತವೆ. ಜಾನುವಾರುಗಳಿಗೆ ನೀಡುತ್ತಿದ್ದ ಡೈಕ್ಲೋಫೆನಾಕ್ ಔಷಧವು ಸತ್ತ ದನದ ಮಾಂಸದ ಮೂಲಕ ಈ ಹಕ್ಕಿಗಳ ಮೂತ್ರಪಿಂಡಗಳನ್ನು ಹಾಳು ಮಾಡಿ, ದೇಶದಾದ್ಯಂತ ಅವುಗಳ ಸಂತತಿ ಕುಸಿಯಿತು. 2006ರಲ್ಲಿ ಆ ಔಷಧದ ಪಶುವೈದ್ಯಕೀಯ ಬಳಕೆಯನ್ನು ನಿಷೇಧಿಸಲಾಯಿತು. ಅಳಿದುಳಿದ ಕೆಲವೇ ಹಕ್ಕಿಗಳ ಗೂಡಿನ ಎದುರು ಧ್ವನಿವರ್ಧಕ ಹಚ್ಚುವುದು, ಡ್ರೋನ್ ಹಾರಿಸುವುದು ಎಷ್ಟರಮಟ್ಟಿಗೆ ಸರಿ ಎಂಬುದನ್ನು ವಿವರಿಸಬೇಕಾಗಿಲ್ಲ.

ಮಾಗಡಿ ತಾಲ್ಲೂಕಿನ ಸಾವನದುರ್ಗದ ವಿಷಯ ಬೇರೆ. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಈ ಬೆಟ್ಟದಲ್ಲಿ ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಭಾಗಗಳಿವೆ. ಬುಡದಲ್ಲಿ ವೀರಭದ್ರೇಶ್ವರ ಮತ್ತು ನರಸಿಂಹ ದೇವಾಲಯಗಳಿವೆ. ಬೆಂಗಳೂರಿಗೆ ಹತ್ತಿರ, ದೂರವೂ ಕಡಿಮೆ ಎಂಬ ಕಾರಣಕ್ಕೆ ಇದನ್ನು ಸುಲಭ ದಾರಿಗಳ ಪಟ್ಟಿಗೆ ಸೇರಿಸುವವರಿದ್ದಾರೆ. ಇದು ಒಪ್ಪತಕ್ಕದ್ದಲ್ಲ. ಇದು ಬೋಳು ಬಂಡೆಯ ಮೇಲೆ ನೇರ ಏರು. ನೆರಳಿಲ್ಲ, ಹಿಡಿಯಲು ಗಿಡವಿಲ್ಲ, ಮಳೆ ಬಿದ್ದರೆ ಬಂಡೆ ಜಾರುತ್ತದೆ. ಕಿಲೋಮೀಟರ್ ಕಡಿಮೆ ಇದ್ದ ಮಾತ್ರಕ್ಕೆ ದಾರಿ ಸುಲಭವಾಗುವುದಿಲ್ಲ. ಹಿರಿಯರು ಮತ್ತು ಮಕ್ಕಳಿದ್ದಲ್ಲಿ ದೇವಾಲಯಗಳ ಸುತ್ತಲಿನ ಕಾಡಿನಂಚನ್ನು ನೋಡಿ ಮರಳುವುದು ಲೇಸು.

ನೆರೆರಾಜ್ಯ ಮತ್ತು ಹೊರದೇಶದ ಅನುಭವ

ದಾರಿಗಳನ್ನು ಹೀಗೆ ಸುಲಭ, ಮಧ್ಯಮ, ಕಠಿಣ ಎಂದು ವರ್ಗೀಕರಿಸುವ ಕೆಲಸವನ್ನು ತಮಿಳುನಾಡು ಕಹಿ ಅನುಭವದ ನಂತರ ಕೈಗೊಂಡಿತು. 2018ರ ಮಾರ್ಚ್ 11ರಂದು ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋಗಿದ್ದವರನ್ನು ಕಾಳ್ಗಿಚ್ಚು ಸುತ್ತುವರಿದು 20ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಅದೇ ವರ್ಷ ಅಲ್ಲಿ ಚಾರಣ ನಿಯಂತ್ರಣ ನಿಯಮಗಳು ಬಂದವು. 2024ರ ಅಕ್ಟೋಬರ್‌ನಲ್ಲಿ, ಅಂದರೆ ಕರ್ನಾಟಕದ ಜಾಲತಾಣ ಆರಂಭವಾದ ತಿಂಗಳಿನಲ್ಲಿಯೇ, ಅಲ್ಲಿಯೂ 40 ದಾರಿಗಳಿಗೆ ಆನ್‌ಲೈನ್ ಕಾಯ್ದಿರಿಸುವ ವ್ಯವಸ್ಥೆಯನ್ನು ಆರಂಭಿಸಲಾಯಿತು. ಎರಡೂ ರಾಜ್ಯಗಳಲ್ಲಿ ನಿಯಮವು ಘಟನೆಯ ನಂತರವೇ ಬಂದಿದೆ ಎಂಬುದು ಗಮನಾರ್ಹ. ಒಂದು ಕಡೆ ಸಾವು, ಇನ್ನೊಂದು ಕಡೆ ಜನದಟ್ಟಣೆ.

ಜರ್ಮನಿಯ ಪರಿಸ್ಥಿತಿ ಇದಕ್ಕೆ ತೀರ ವ್ಯತಿರಿಕ್ತ. ಅಲ್ಲಿನ ಗುಡ್ಡಗಾಡುಗಳಲ್ಲಿ ಬೀಚ್ ಎಂಬ ಮರದ ವಿಶಾಲವಾದ ಕಾಡುಗಳಿವೆ. (ಕಡಲತೀರಕ್ಕೂ ಈ ಬೀಚ್‌ಗೂ ಸಂಬಂಧವಿಲ್ಲ. ನಮ್ಮ ಹೊಂಗೆ ಮರಕ್ಕೆ ಇಂಗ್ಲಿಷಿನಲ್ಲಿ 'ಇಂಡಿಯನ್ ಬೀಚ್' ಎಂಬ ಹೆಸರಿದ್ದರೂ ಅವೆರಡೂ ಬೇರೆ ಬೇರೆ ಕುಟುಂಬದ ಮರಗಳು.) ಥುರಿಂಜಿಯಾ ಪ್ರಾಂತ್ಯದ ಹೈನಿಖ್ ರಾಷ್ಟ್ರೀಯ ಉದ್ಯಾನದಂತಹ ಕಾಡುಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ, ಅಲ್ಲಿ ಗುರುತು ಹಾಕಿದ ಸುಲಭ ದಾರಿಗಳಲ್ಲಿ ಜನ ಚೀಟಿಯಿಲ್ಲದೆ ನಡೆಯುತ್ತಾರೆ. 1975ರ ಅಲ್ಲಿನ ಅರಣ್ಯ ಕಾಯ್ದೆಯು ವಿಹಾರಕ್ಕಾಗಿ ಕಾಡನ್ನು ಪ್ರವೇಶಿಸಲು ಎಲ್ಲರಿಗೂ ಅವಕಾಶ ನೀಡಿದೆ. ಅಪಾಯದ ಹೊಣೆ ಹೋದವರದೇ. ರಾಷ್ಟ್ರೀಯ ಉದ್ಯಾನಗಳಲ್ಲಿ ದಾರಿ ಬಿಟ್ಟು ಹೆಜ್ಜೆ ಇಡಬಾರದೆಂಬ ಷರತ್ತು ಮಾತ್ರ ಇರುತ್ತದೆ. ನಮ್ಮಲ್ಲಿ 1963ರ ಕರ್ನಾಟಕ ಅರಣ್ಯ ಕಾಯ್ದೆಯು ಮೀಸಲು ಅರಣ್ಯದಲ್ಲಿ ಅತಿಕ್ರಮ ಪ್ರವೇಶವನ್ನೇ ನಿಷೇಧಿಸಿ, ಅನುಮತಿಯನ್ನು ವಿನಾಯಿತಿಯಾಗಿ ನೀಡುತ್ತದೆ.

ಜರ್ಮನಿಯ ಪದ್ಧತಿಯನ್ನೇ ಇಲ್ಲಿಯೂ ತರಬೇಕೆಂದು ವಾದಿಸುವವರು ಆನೆ ಮತ್ತು ಚಿರತೆಗಳನ್ನು ಮರೆಯಬಾರದು. ಆದರೂ ಅಲ್ಲಿಂದ ಕಲಿಯಬಹುದಾದ ಒಂದು ಅಂಶವಿದೆ. ದಾರಿಯನ್ನು ಕಾಂಕ್ರೀಟ್ ಮಾಡದೆ, ಗುರುತುಗಳಿಂದಲೇ ಜನರನ್ನು ದಾರಿಯ ಮೇಲೆ ಉಳಿಸಿಕೊಳ್ಳಬಹುದು. ತುರಹಳ್ಳಿಯಂತಹ ಕಾಡಿಗೆ ಮಂಟಪವೂ ಬೇಡ, 300ರ ಚೀಟಿಯೂ ಸದ್ಯಕ್ಕೆ ಬೇಡವಿರಬಹುದು. ಆದರೆ ಎರಡು ಮೂರು ದಾರಿಗಳನ್ನು ಗುರುತಿಸಿ, ಉಳಿದ ಅಡ್ಡದಾರಿಗಳನ್ನು ಮುಳ್ಳುಕಂಟಿ ಇಟ್ಟು ಮುಚ್ಚಿ, ಮಳೆಯ ವಾರಗಳಲ್ಲಿ ಒಂದೊಂದು ದಾರಿಗೆ ವಿಶ್ರಾಂತಿ ಕೊಡುವುದಕ್ಕೆ ದೊಡ್ಡ ಮೊತ್ತದ ಅಗತ್ಯವಿಲ್ಲ. ಬಾಗಿಲಲ್ಲಿ ಎಷ್ಟು ಜನ ಬಂದರೆಂದು ಎಣಿಸುವುದಕ್ಕೆ ಅಂತೂ ಒಂದು ಪುಸ್ತಕ ಸಾಕು. ಎಣಿಕೆಯೇ ಇಲ್ಲದಿದ್ದಲ್ಲಿ, ಮುಂದೊಂದು ದಿನ ಮಿತಿ ಹೇರಬೇಕಾಗಿ ಬಂದಾಗ ಯಾವ ಆಧಾರದ ಮೇಲೆ ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ.

ಶುಲ್ಕದ ಬಗ್ಗೆಯೂ ಒಂದು ಮಾತು. ಚಾರಣದ ಶುಲ್ಕವನ್ನು ಇಲಾಖೆಯ ವರಮಾನವೆಂದು ಕಾಣುವ ಪ್ರವೃತ್ತಿ ಎರಡೂ ಕಡೆ ಇದೆ. ಹಣ ಕೊಟ್ಟಿದ್ದೇವೆ, ಆದ್ದರಿಂದ ಸೌಲಭ್ಯ ಕೊಡಿ ಎಂಬುದು ಒಂದು ಕಡೆಯ ಮಾತಾದರೆ, ಹೆಚ್ಚು ಜನ ಬಂದರೆ ಹೆಚ್ಚು ಜಮೆ ಎಂಬುದು ಇನ್ನೊಂದು ಕಡೆಯದು. ಸವೆದ ಗುಡ್ಡವನ್ನು ಸರಿಪಡಿಸುವ ಖರ್ಚನ್ನು ಯಾವ ಖಾತೆಯಲ್ಲಿಯೂ ಬರೆಯದಿದ್ದಾಗ ಮಾತ್ರ ಈ ಜಮೆಯು ಲಾಭದಂತೆ ಕಾಣುತ್ತದೆ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಕಾಯ್ದಿರಿಸುವ ವ್ಯವಸ್ಥೆ ಇರುವ ದಾರಿಗಳಿಗೆ ಅರಣ್ಯ ವಿಹಾರ ಜಾಲತಾಣದಲ್ಲಿ ದಿನಾಂಕವನ್ನು ಆರಿಸಿ, ಹೋಗುವ ಪ್ರತಿಯೊಬ್ಬರ ಹೆಸರನ್ನು ಗುರುತಿನ ಚೀಟಿಯಲ್ಲಿರುವಂತೆಯೇ ನಮೂದಿಸಬೇಕು. ಹೊರಡುವ ದಿನ ಅದೇ ಗುರುತಿನ ಚೀಟಿಯನ್ನು ಜೊತೆಗೆ ಒಯ್ಯುವುದು. ಮಧ್ಯವರ್ತಿಗಳ ಮೂಲಕ ಗುಂಪಾಗಿ ಹೋಗುವವರು, ಚೀಟಿ ತಮ್ಮ ಹೆಸರಿನಲ್ಲಿಯೇ ಇದೆಯೇ ಎಂಬುದನ್ನು ಹಣ ಕೊಡುವ ಮೊದಲು ನೋಡಿಕೊಳ್ಳಬೇಕು. ತನಿಖಾ ಠಾಣೆಯಲ್ಲಿ ಹೆಸರು ಹೊಂದದಿದ್ದಲ್ಲಿ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದವರೂ ಹಿಂದಿರುಗಬೇಕಾಗುತ್ತದೆ.

ಚೀಟಿ ದೊರೆತ ನಂತರವೂ ದಾರಿಯು ಮುಚ್ಚುವ ಸಂಭವವಿದೆ. 2025ರ ನವೆಂಬರ್‌ನಲ್ಲಿ ಮೈಸೂರು ಮತ್ತು ಚಾಮರಾಜನಗರ ಭಾಗದಲ್ಲಿ ಹುಲಿ ದಾಳಿಗಳು ಹೆಚ್ಚಿದಾಗ, ಬಂಡೀಪುರ ಮತ್ತು ನಾಗರಹೊಳೆಯಲ್ಲಿ ಸಫಾರಿಯನ್ನೂ ಸಂಘರ್ಷ ಪ್ರದೇಶಗಳಲ್ಲಿ ಚಾರಣವನ್ನೂ ಸ್ಥಗಿತಗೊಳಿಸಿ, ಅಲ್ಲಿನ ಸಿಬ್ಬಂದಿಯನ್ನು ಹುಲಿ ಪತ್ತೆ ಕಾರ್ಯಕ್ಕೆ ಬಳಸಿಕೊಳ್ಳುವಂತೆ ಸೂಚಿಸಲಾಯಿತು. ಚಾರಣಿಗರ ಹಿಂದೆ ಕಾವಲಿಗೆ ಹೋಗುವ ವನಪಾಲಕ ಮತ್ತು ಹೊಲದಂಚಿನಲ್ಲಿ ರೈತನ ಕಾವಲಿಗೆ ನಿಲ್ಲುವ ವನಪಾಲಕ ಒಬ್ಬರೇ ಎಂಬುದನ್ನು ಇದು ತೋರಿಸಿಕೊಟ್ಟಿತು. ಆದುದರಿಂದ ಹೊರಡುವ ಹಿಂದಿನ ದಿನ ಜಾಲತಾಣದಲ್ಲಿ ಅಥವಾ ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಅಗತ್ಯ.

ಫೆಬ್ರವರಿಯಿಂದ ಮೊದಲ ಮಳೆಯವರೆಗೆ ತುರಹಳ್ಳಿ ಸೇರಿದಂತೆ ಯಾವುದೇ ಅರಣ್ಯದಲ್ಲಿ ಬೀಡಿ, ಸಿಗರೇಟು, ಬೆಂಕಿಪೊಟ್ಟಣಗಳನ್ನು ಕೊಂಡೊಯ್ಯಬಾರದು. ಹೊಗೆ ಕಂಡುಬಂದಲ್ಲಿ ಅಥವಾ ಕಾಡುಪ್ರಾಣಿ ಎದುರಾದಲ್ಲಿ ಅರಣ್ಯ ಸಹಾಯವಾಣಿ 1926ಕ್ಕೆ ಕೂಡಲೇ ಕರೆ ಮಾಡತಕ್ಕದ್ದು. ಕರೆ ಮಾಡುವಾಗ ಒಳಗೆ ಬಂದ ದ್ವಾರ ಯಾವುದು, ಹತ್ತಿರದ ಬಡಾವಣೆ ಯಾವುದು ಎಂಬುದನ್ನು ಮೊದಲು ತಿಳಿಸಬೇಕು. ಬರೀ 'ಬೆಂಗಳೂರು ದಕ್ಷಿಣ' ಎಂದರೆ ಸಿಬ್ಬಂದಿ ತಲುಪುವುದು ತಡವಾಗುತ್ತದೆ.